ಸುಣ್ಣ ಬಳಿದ ಗೋಡೆಯ ಹಿಂದೆ

ಬಡವರಿಗೆ ಸಾಲ ಸಿಗದಿರುವುದು ಅನ್ಯಾಯ ಎಂಬುದನ್ನು ನಮ್ಮ ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಾಲ ಸಿಕ್ಕಿದ್ದೂ ಅನ್ಯಾಯವಾಗಬಹುದು, ಅದೂ ಸರಕಾರವೇ ಜಾಮೀನು ನಿಂತು ಕೊಡಿಸಿದ ಸಾಲ, ಎಂದರೆ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. ಅಮೆರಿಕದ ಕಪ್ಪು ಇತಿಹಾಸಕಾರ್ತಿ ಕಿಯಾಂಗಾ-ಯಮಾಟಾ ಟೇಲರ್ ಅವರ 'ರೇಸ್ ಫಾರ್ ಪ್ರಾಫಿಟ್' ಹಾಗೆ ಯೋಚಿಸಲು ಹಚ್ಚುವ ಪುಸ್ತಕ. 2019ರಲ್ಲಿ ಪ್ರಕಟವಾದ ಇದು ಮರುವರ್ಷ ಪುಲಿಟ್ಜರ್ ಇತಿಹಾಸ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದಿತ್ತು. ಹೆಸರಿನಲ್ಲೇ ಒಂದು ಶ್ಲೇಷೆಯಿದೆ. ಇಂಗ್ಲಿಷಿನ 'ರೇಸ್' ಓಟವೂ ಹೌದು, ಜನಾಂಗವೂ ಹೌದು. ಲಾಭದ ಓಟ, ಲಾಭಕ್ಕೆ ಒದಗಿಬಂದ ಜನಾಂಗ. 1968ರಿಂದ 1973ರವರೆಗಿನ ಐದಾರು ವರ್ಷಗಳಲ್ಲಿ, ಕಡಿಮೆ ಆದಾಯದವರನ್ನು ಮನೆಯೊಡೆಯರನ್ನಾಗಿ ಮಾಡುತ್ತೇವೆಂದು ಹೊರಟ ಅಮೆರಿಕ ಸರಕಾರದ ಯೋಜನೆಯೊಂದು ಹೇಗೆ ಲೂಟಿಯ ದಾರಿಯಾಯಿತು ಎಂಬುದು ಇದರ ವಸ್ತು. ದೂರದ ದೇಶದ ಹಳೆಯ ಹಗರಣ ನಮಗೇಕೆ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಗೆ ಆಮೇಲೆ ಬರೋಣ.

ಹಿನ್ನೆಲೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಬೇಕು. 1934ರಲ್ಲಿ ಅಮೆರಿಕ ಸರಕಾರ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಶನ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿತು. ಎಫ್‌ಎಚ್‌ಎ ಎಂದೇ ಹೆಸರಾದ ಈ ಸಂಸ್ಥೆ ತಾನೇ ಸಾಲ ಕೊಡುವುದಿಲ್ಲ. ಖಾಸಗಿ ಬ್ಯಾಂಕುಗಳು, ಮಾರ್ಟ್‌ಗೇಜ್ ಕಂಪೆನಿಗಳು ಕೊಟ್ಟ ಗೃಹಸಾಲಕ್ಕೆ ವಿಮೆ ಒದಗಿಸುತ್ತದೆ. ಸಾಲಗಾರ ಕಂತು ಕಟ್ಟದೆ ಕೈಚೆಲ್ಲಿದರೆ ಸಾಲ ಕೊಟ್ಟವನಿಗೆ ನಷ್ಟವಿಲ್ಲ, ಸರಕಾರ ಕೊಡುತ್ತದೆ. ಈ ಒಂದು ಏರ್ಪಾಡಿನ ಬಲದಿಂದಲೇ ಬಿಳಿಯ ಮಧ್ಯಮ ವರ್ಗ ಉಪನಗರಗಳಲ್ಲಿ ತೋಟದ ಮನೆಗಳನ್ನು ಮಾಡಿಕೊಂಡಿತು. ಕಪ್ಪು ಜನರಿಗೆ ಮಾತ್ರ ಆ ಬಾಗಿಲು ಮುಚ್ಚಿತ್ತು. ಬೇರೆ ಬೇರೆ ಜನಾಂಗದವರು ಬೆರೆತು ವಾಸಿಸುವ ಕಡೆ ಆಸ್ತಿಯ ಬೆಲೆ ಕುಸಿಯುತ್ತದೆ ಎಂಬುದು ಸಂಸ್ಥೆಯ ಕೈಪಿಡಿಯೇ ಕಲಿಸಿದ ಪಾಠ. ನಕ್ಷೆಗಳಲ್ಲಿ ಕಪ್ಪು ಬಡಾವಣೆಗಳಿಗೆ ಕೆಂಪು ಬಣ್ಣ. ಆ ಬಣ್ಣದೊಳಗೆ ಸಾಲವಿಲ್ಲ. 'ರೆಡ್‌ಲೈನಿಂಗ್' ಎಂಬ ಮಾತು ಹುಟ್ಟಿದ್ದು ಹೀಗೆ.

ಸಾಲ ಸಿಗದವರು ಮನೆಯಿಲ್ಲದೆ ಇರುತ್ತಾರೆಯೇ? ಷಿಕಾಗೋದಲ್ಲಿ ಅವರು ಕರಾರು ಪತ್ರದ ಮೇಲೆ ಮನೆ ಕೊಂಡರು. ದುಪ್ಪಟ್ಟು ಬೆಲೆ, ತಿಂಗಳ ಕಂತು, ಕೊನೆಯ ಕಂತು ಕಟ್ಟುವವರೆಗೆ ಮನೆಯ ಮೇಲೆ ಹಕ್ಕಿಲ್ಲ. ಒಂದು ಕಂತು ತಪ್ಪಿದರೆ ಅಷ್ಟೂ ವರ್ಷ ಕಟ್ಟಿದ್ದು ನೀರಿಗೆ, ಸಂಸಾರ ಬೀದಿಗೆ. ಬೆರಿಲ್ ಸ್ಯಾಟರ್ ಎಂಬ ಇತಿಹಾಸಕಾರ್ತಿ 2009ರಲ್ಲಿ ತಂದ 'ಫ್ಯಾಮಿಲಿ ಪ್ರಾಪರ್ಟೀಸ್' ಈ ದಂಧೆಯನ್ನು ಬಿಚ್ಚಿಟ್ಟಿದೆ. ಟೇಲರ್ ಅವರ ಕಥೆ ಶುರುವಾಗುವುದು ಸ್ಯಾಟರ್ ಕಥೆ ಮುಗಿಯುವಲ್ಲಿ. ಅಂದರೆ ಮುಚ್ಚಿದ ಬಾಗಿಲು ತೆರೆದ ಮೇಲೆ.

ಬಾಗಿಲು ತೆರೆಯಿಸಿದ್ದು ಬೆಂಕಿ. 1965ರಲ್ಲಿ ಲಾಸ್ ಏಂಜಲೀಸಿನ ವಾಟ್ಸ್, 1967ರಲ್ಲಿ ಡೆಟ್ರಾಯಿಟ್. ಡೆಟ್ರಾಯಿಟ್ ಒಂದರಲ್ಲೇ 43 ಮಂದಿ ಸತ್ತರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೇಶದ ಜೀವವಿಮಾ ಕಂಪೆನಿಗಳು ಒಟ್ಟಾಗಿ ನಗರಗಳ ಒಳಭಾಗಗಳಲ್ಲಿ ನೂರು ಕೋಟಿ ಡಾಲರ್ ಹೂಡುವುದಾಗಿ ಘೋಷಿಸಿದವು. ಅದುವರೆಗೆ ಆ ಕಡೆ ತಲೆ ಹಾಕಿಯೂ ಮಲಗದಿದ್ದ ಕಂಪೆನಿಗಳಿವು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಒಂದು ವಾರದೊಳಗೆ ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸುವ ಕಾಯಿದೆ ಬಂತು. ಆಗಸ್ಟ್ 1ರಂದು ಅಧ್ಯಕ್ಷ ಜಾನ್ಸನ್ ಮತ್ತೊಂದು ಕಾಯಿದೆಗೆ ಸಹಿ ಹಾಕಿದರು. ಹತ್ತು ವರ್ಷಗಳಲ್ಲಿ 2 ಕೋಟಿ 60 ಲಕ್ಷ ಮನೆಗಳು, ಅವುಗಳಲ್ಲಿ 60 ಲಕ್ಷ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಎಂಬುದು ಅದರ ಗುರಿ. ಸರಕಾರ ಮನೆ ಕಟ್ಟಿಸಿ ಬಾಡಿಗೆಗೆ ಕೊಡುವ ಹಳೆಯ ದಾರಿ ಬೇಡ, ಖಾಸಗಿಯವರು ಕಟ್ಟಲಿ, ಖಾಸಗಿಯವರು ಸಾಲ ಕೊಡಲಿ, ಬಡವ ಮನೆಯ ಒಡೆಯನೇ ಆಗಲಿ, ಸರಕಾರ ಹಿಂದೆ ನಿಂತು ಧೈರ್ಯ ಕೊಡುತ್ತದೆ. ಇದು ಹೊಸ ದಾರಿ.

ಕಾಯಿದೆಯ 235ನೆಯ ಕಲಮು ಈ ಹೊಸ ದಾರಿಯ ಹೆಬ್ಬಾಗಿಲು. ಕೇಳಲು ಬಹಳ ಚೆನ್ನಾಗಿತ್ತು. ತೀರ ಬಡವರಾದರೆ 200 ಡಾಲರ್ ಮುಂಗಡ ಸಾಕು. ಕುಟುಂಬ ತನ್ನ ಆದಾಯದ ಶೇ. 20ರಷ್ಟನ್ನು ಕಂತಿಗೆ ಕೊಟ್ಟರೆ ಉಳಿದದ್ದನ್ನು ಸರಕಾರ ನೇರವಾಗಿ ಸಾಲ ಕೊಟ್ಟ ಸಂಸ್ಥೆಗೆ ಕಟ್ಟುತ್ತದೆ, ಸಾಲಗಾರನ ಪಾಲಿನ ಬಡ್ಡಿ ಶೇ. 1ರವರೆಗೂ ಇಳಿಯುವಷ್ಟು. ಅದರ ಜೊತೆಗೇ ಇನ್ನೊಂದು ಕಲಮು, 223(ಇ), ಹಳೆಯದಾದ, ಇಳಿಮುಖವಾದ ಬಡಾವಣೆಗಳಲ್ಲಿ ವಿಮೆ ಕೊಡುವಾಗ ಎಫ್‌ಎಚ್‌ಎ ತನ್ನ ಕಟ್ಟುನಿಟ್ಟಿನ ಮಾನದಂಡಗಳನ್ನು ಸಡಿಲಿಸಬಹುದು ಎಂದಿತು. ಕೆಂಪು ಗೆರೆಯನ್ನು ಅಳಿಸಲು ಇದು ಬೇಕೇ ಬೇಕಿತ್ತು. ಆದರೆ ಸಡಿಲವಾದದ್ದು ಯಾವುದು? ಯಾರಿಗೆ ಸಾಲ ಕೊಡಬಹುದು ಎಂಬ ನಿಯಮ ಮಾತ್ರವೇ, ಎಂಥ ಮನೆಗೆ ಸಾಲ ಕೊಡಬಹುದು ಎಂಬ ನಿಯಮವೂ ಅದರೊಂದಿಗೆ ಹೋಯಿತೇ? ನಮ್ಮ ದೃಷ್ಟಿಯಲ್ಲಿ ಇಡೀ ಹಗರಣದ ಬೀಜ ಈ ಎರಡು ಸಡಿಲಿಕೆಗಳು ಒಂದೇ ಚೀಲದಲ್ಲಿ ಸೇರಿದ್ದರಲ್ಲಿದೆ.

ಮೋಸ ನಡೆದ ಬಗೆ ಸರಳ. ಊರು ಬಿಡುವ ಅವಸರದಲ್ಲಿರುವ ಬಿಳಿಯನಿಂದಲೋ ಹಳೆಯ ಮನೆಮಾಲೀಕನಿಂದಲೋ ದಲ್ಲಾಳಿಯೊಬ್ಬ ಒಂದು ಶಿಥಿಲ ಮನೆಯನ್ನು, ಲೆಕ್ಕದ ಸಲುವಾಗಿ 4,000 ಡಾಲರಿಗೆ ಎಂದಿಟ್ಟುಕೊಳ್ಳೋಣ, ಕೊಳ್ಳುತ್ತಾನೆ. ಮುಂದಿನ ಗೋಡೆಗೆ ಸುಣ್ಣಬಣ್ಣ, ಬಿರುಕಿಗೆ ಕಾಗದ, ಕೊಳೆತ ನೆಲಕ್ಕೆ ಹಾಸು. ಕೆಲವು ನೂರು ಡಾಲರ್ ಖರ್ಚು. ಎಫ್‌ಎಚ್‌ಎಯ ಮೌಲ್ಯಮಾಪಕ ಬಂದು ಅದರ ಬೆಲೆ 10,000 ಎಂದು ಬರೆಯುತ್ತಾನೆ. ಕೆಲವರು ಲಂಚ ತಿಂದು ಬರೆದರು. ಇನ್ನು ಕೆಲವರು ದಿನಕ್ಕೆ ಇಷ್ಟು ಮನೆ ಮುಗಿಸಬೇಕೆಂಬ ಒತ್ತಡದಲ್ಲಿ ಒಳಗೆ ಕಾಲಿಡದೆಯೇ ಬರೆದರು. ಮಾರ್ಟ್‌ಗೇಜ್ ಕಂಪೆನಿ ಸಾಲ ಕೊಡುತ್ತದೆ, ಅದಕ್ಕೆ ತನ್ನ ಶುಲ್ಕ ವಸೂಲು ಮಾಡುತ್ತದೆ, ಸಾಲದ ಪತ್ರವನ್ನು ಮಾರಿ ಹಣ ವಾಪಸು ಪಡೆಯುತ್ತದೆ. ಕೊಂಡವಳು (ಬಹಳ ಸಲ ಕೊಂಡವಳು, ಕೊಂಡವನಲ್ಲ) ಚಳಿಗಾಲದಲ್ಲಿ ಒಲೆ ಹಚ್ಚಿದಾಗ ಒಲೆ ಕೆಟ್ಟಿರುತ್ತದೆ. ಮಾಡು ಸೋರುತ್ತದೆ, ತಂತಿಗಳು ಕಿಡಿ ಕಾರುತ್ತವೆ, ನೆಲಮಾಳಿಗೆಯಲ್ಲಿ ಚರಂಡಿ ನೀರು, ಇಲಿಗಳು. ರಿಪೇರಿಗೆ ಹಣ ಕೊಟ್ಟರೆ ಕಂತಿಗೆ ಇಲ್ಲ, ಕಂತಿಗೆ ಕೊಟ್ಟರೆ ರಿಪೇರಿಗೆ ಇಲ್ಲ.

ಇಲ್ಲಿಂದ ಮುಂದೆ ಟೇಲರ್ ತೋರಿಸುವುದೇ ಪುಸ್ತಕದ ಅತ್ಯಂತ ಬೆಲೆಬಾಳುವ ಭಾಗ. ಸಾಲಗಾರ ಕಂತು ತಪ್ಪಿಸಿದರೆ ಸಾಮಾನ್ಯವಾಗಿ ಸಾಲ ಕೊಟ್ಟವನು ತಲೆ ಕೆಡಿಸಿಕೊಳ್ಳಬೇಕು. ಇಲ್ಲಿ ಹಾಗಲ್ಲ. ಕಂತು ತಪ್ಪಿದವರ ಮನೆಬಾಗಿಲಿಗೆ ಹೋಗಿ ಕಷ್ಟ ವಿಚಾರಿಸಿ ಸಮಯ ಕೊಡುವುದು ಕಂಪೆನಿಗೆ ಖರ್ಚಿನ ಕೆಲಸ. ಬೇಗ ಬೇಗ ಮನೆ ಮುಟ್ಟುಗೋಲು ಹಾಕಿ ಎಫ್‌ಎಚ್‌ಎ ವಿಮೆಯಿಂದ ಬಾಕಿ ಪಡೆದು, ಆ ಹಣವನ್ನು ಇನ್ನೊಬ್ಬರಿಗೆ ಸಾಲವಾಗಿ ಕೊಟ್ಟು ಮತ್ತೆ ಶುಲ್ಕ ಪಡೆಯುವುದು ಲಾಭದ ಕೆಲಸ. ಹಾಗಾಗಿ ಕಂತು ಕಟ್ಟಲಾರದೆ ಸೋಲುವ ಸಾಧ್ಯತೆ ಇರುವವರೇ ಒಳ್ಳೆಯ ಗಿರಾಕಿಗಳಾದರು. ಮೊದಲು ಯಾವ ಕಾರಣಕ್ಕೆ ಕಪ್ಪು ಬಡ ಹೆಂಗಸನ್ನು ಬ್ಯಾಂಕಿನ ಮೆಟ್ಟಿಲಿನಿಂದ ಓಡಿಸುತ್ತಿದ್ದರೋ ಅದೇ ಕಾರಣಕ್ಕೆ ಈಗ ಕೈಹಿಡಿದು ಕರೆದರು.

ಮುಟ್ಟುಗೋಲಾದ ಮನೆಯನ್ನು ಸರಕಾರ ತನ್ನ ವಶಕ್ಕೆ ತೆಗೆದುಕೊಳ್ಳಬೇಕಾದರೆ ಅದು ಖಾಲಿ ಇರಬೇಕೆಂಬ ನಿಯಮ ಬೇರೆ ಇತ್ತು. ಬಾಡಿಗೆ ಕೊಟ್ಟು ಅಲ್ಲೇ ಇರುತ್ತೇವೆ ಎಂದರೂ ಸಂಸಾರವನ್ನು ಹೊರಹಾಕಲೇಬೇಕು. ಖಾಲಿ ಮನೆಯಿಂದ ಕೊಳಾಯಿ, ತಾಮ್ರ, ಬಾಗಿಲು ಒಂದೊಂದಾಗಿ ಕಳುವಾಗುತ್ತವೆ. ಬೀದಿಯಲ್ಲಿ ಎರಡು ಮನೆಗಳಿಗೆ ಹಲಗೆ ಹೊಡೆದರೆ ಮೂರನೆಯವರೂ ಹೊರಡುತ್ತಾರೆ. ಹೀಗೆ ಡೆಟ್ರಾಯಿಟಿನಲ್ಲಿ ಹಡ್ ಎಂದು ಕರೆಯಲಾಗುವ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ ಸಾವಿರಾರು ಪಾಳು ಮನೆಗಳ ಒಡೆಯನಾಯಿತು. ಗಲಭೆ ಸುಟ್ಟದ್ದಕ್ಕಿಂತ ಹೆಚ್ಚು ಬೀದಿಗಳನ್ನು ವಸತಿ ಯೋಜನೆ ಹಾಳುಗೆಡವಿತು ಎಂದು ಆ ಊರಿನವರು ಹೇಳಿದರೆ ಅದನ್ನು ಬರಿಯ ಕೋಪದ ಮಾತೆಂದು ತಳ್ಳಿಹಾಕಲಾಗದು.

ಹಾಗಾದರೆ ಎಫ್‌ಎಚ್‌ಎ ಮೌಲ್ಯಮಾಪನ ಮಾಡುತ್ತಿದ್ದುದು ಯಾರಿಗಾಗಿ? ಸರಕಾರದ ಮೊಹರು ಬಿದ್ದ ಮನೆ ಎಂದರೆ ಗಟ್ಟಿಯಾದ ಮನೆ ಎಂದೇ ಕೊಂಡವರು ನಂಬಿದ್ದರು, ನಾವಿದ್ದರೂ ನಂಬುತ್ತಿದ್ದೆವು. ಆದರೆ 1961ರಷ್ಟು ಹಿಂದೆಯೇ ಅಮೆರಿಕದ ಸುಪ್ರೀಂ ಕೋರ್ಟು, ಎಫ್‌ಎಚ್‌ಎಯ ತಪಾಸಣೆಯನ್ನು ನಂಬಿ ಬಿರುಕು ಬಿಟ್ಟ ಮನೆ ಕೊಂಡವರಿಗೆ ಸರಕಾರ ಪರಿಹಾರ ಕೊಡಬೇಕಾಗಿಲ್ಲ ಎಂದು ತೀರ್ಪು ಕೊಟ್ಟಿತ್ತು. ತಪಾಸಣೆ ಇದ್ದದ್ದು ಸರಕಾರದ ವಿಮಾ ನಿಧಿಯನ್ನು ಕಾಯುವುದಕ್ಕೆ. ಕೊಳ್ಳುವವರು ತಮ್ಮ ಕಣ್ಣನ್ನು ತಾವೇ ತೆರೆದಿಟ್ಟುಕೊಳ್ಳಬೇಕು. ಟೇಲರ್ ಅವರ ಒಂದು ಅಧ್ಯಾಯದ ಹೆಸರೇ ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ಹಳೆಯ ವ್ಯಾಪಾರಿ ಮಾತು.

ಇದನ್ನು ಓದುವಾಗ ನಮಗೆ ನೆನಪಾದದ್ದು ಮದೀನಾದ ಸಂತೆ. ಪ್ರವಾದಿ ಮುಹಮ್ಮದ್‌ (ಸ) ಧಾನ್ಯದ ರಾಶಿಯೊಂದರ ಬಳಿ ನಿಂತು ಕೈಯನ್ನು ಒಳಕ್ಕೆ ಹಾಕಿದರು, ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಸಮಜಾಯಿಷಿ ಕೊಟ್ಟ. ಹಾಗಿದ್ದರೆ ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತಲ್ಲ ಎಂದು ಅವರು ಆತನನ್ನು ತರಾಟೆಗೆ ತೆಗೆದುಕೊಂಡ ಪ್ರಸಂಗ ಸಹೀಹ್ ಮುಸ್ಲಿಮಿನಲ್ಲಿದೆ. ನಮ್ಮ ಮದರಸಗಳಲ್ಲಿ ಮಕ್ಕಳಿಗೆ ಹೇಳುವ ಕಥೆ ಇದು. ದೋಷವನ್ನು ಬಚ್ಚಿಟ್ಟು ಮಾರಿದ್ದನ್ನು ಕೊಂಡವನು ಹಿಂದಿರುಗಿಸಬಹುದು ಎಂಬ ಫಿಕ್‌ಹಿನ ನಿಯಮದಲ್ಲಿ ಹೊಣೆ ಮಾರುವವನದು. ಸಂತೆಯಲ್ಲಿ ರಾಶಿಯೊಳಗೆ ಕೈ ಹಾಕುವ ಅಧಿಕಾರವಿದ್ದವರು ಹಾಕಿದ್ದು ಕೊಳ್ಳುವವರ ಪರವಾಗಿ. ಎಫ್‌ಎಚ್‌ಎಯ ಮೌಲ್ಯಮಾಪಕನೂ ಕೈ ಹಾಕಬೇಕಿತ್ತು, ಹಾಕಲಿಲ್ಲ. ಹಾಕಿದ್ದರೂ ಅದು ಕೊಳ್ಳುವವಳ ಪರವಾಗಿ ಆಗಿರುತ್ತಿರಲಿಲ್ಲ. ನ್ಯಾಯಕ್ಕಾಗಿ ಹೇಳಬೇಕಾದ ಒಂದು ಮಾತು: 1970ರ ತಿದ್ದುಪಡಿಯೊಂದು 235ನೆಯ ಕಲಮಿನಡಿ ಹಳೆಯ ಮನೆ ಕೊಂಡವರಿಗೆ ಗಂಭೀರ ದೋಷಗಳ ರಿಪೇರಿ ವೆಚ್ಚವನ್ನು ಕೊಡಲು ಇಲಾಖೆಗೆ ಅಧಿಕಾರ ಕೊಟ್ಟಿತು. ಆದರೆ ಡೆಟ್ರಾಯಿಟಿನಂಥ ಊರುಗಳಲ್ಲಿ ಹೆಚ್ಚಿನವರು ಕೊಂಡದ್ದು 221(ಡಿ)(2) ಎಂಬ ಇನ್ನೊಂದು ಕಲಮಿನಡಿ. ಅವರಿಗೆ ಅದು ಆಗ ಅನ್ವಯವಾಗಲಿಲ್ಲ.

ಟೇಲರ್ ಈ ಎಲ್ಲಕ್ಕೂ ಒಂದು ಹೆಸರು ಕೊಡುತ್ತಾರೆ, 'ಪ್ರೆಡೇಟರಿ ಇನ್‌ಕ್ಲೂಶನ್'. ಕನ್ನಡದಲ್ಲಿ ಏನೆನ್ನಬೇಕೆಂದು ನಾವು ಸಾಕಷ್ಟು ತಲೆ ಕೆರೆದುಕೊಂಡೆವು. 'ಪರಭಕ್ಷಕ ಒಳಗೊಳ್ಳುವಿಕೆ' ಎಂದರೆ ಪ್ರಾಣಿಶಾಸ್ತ್ರದ ಪಠ್ಯವಾಗುತ್ತದೆ. ಬಲೆ ಬೀಸುವವನು ಕಾಳು ಚೆಲ್ಲಿ ಹಕ್ಕಿಯನ್ನು ಕರೆಯುತ್ತಾನಲ್ಲ, ಆ ಕರೆ. ಕಪ್ಪು ಜನರನ್ನು ಗೃಹಸಾಲದ ಲೋಕಕ್ಕೆ ಸೇರಿಸಿಕೊಂಡರು, ಆದರೆ ದುಬಾರಿಯಾದ, ಅಸಮಾನವಾದ ಷರತ್ತುಗಳ ಮೇಲೆ. ಹಿಂದಿನ ತಾರತಮ್ಯ ಉಂಟುಮಾಡಿದ ಕೊರತೆಯೇ ಈಗಿನ ಸುಲಿಗೆಯ ಬಂಡವಾಳವಾಯಿತು ಎಂಬುದು ಅವರ ವಾದದ ತಿರುಳು. ಹೊರಗಿಡುವುದು ರೋಗ, ಒಳಸೇರಿಸುವುದು ಮದ್ದು ಎಂಬ ನಮ್ಮ ಸಾಮಾನ್ಯ ನಂಬಿಕೆಯನ್ನು ಈ ವಾದ ಅಲ್ಲಾಡಿಸುತ್ತದೆ. ಮೀಸಲಾತಿ, ಪ್ರಾತಿನಿಧ್ಯ, ಪಾಲು ಎಂದು ದಿನಬೆಳಗಾದರೆ ಮಾತನಾಡುವ ನಾವು ಇದನ್ನು ಸ್ವಲ್ಪ ಇರಿಸುಮುರುಸಿನಿಂದಲೇ ಓದಿದೆವು.

ಹಗರಣ ಹೊರಬಿದ್ದದ್ದು ಅಮೆರಿಕ ಸಂಸತ್ತಿನ ಕೆಳಮನೆಯ ಬ್ಯಾಂಕಿಂಗ್ ಸಮಿತಿಯಿಂದ. ಅದರ ಅಧ್ಯಕ್ಷ ರೈಟ್ ಪ್ಯಾಟ್‌ಮನ್. ಸಮಿತಿಯ ಸಿಬ್ಬಂದಿ ಊರೂರು ತಿರುಗಿ ಮನೆಗಳೊಳಗೆ ಕಾಲಿಟ್ಟು ನೋಡಿ ಬರೆದ ವರದಿ 1971ರ ಜನವರಿ ಹೊತ್ತಿಗೆ ಬಯಲಾಯಿತು. ಆಗ ಹಡ್ ಇಲಾಖೆಯ ಮಂತ್ರಿ ಜಾರ್ಜ್ ರೋಮ್ನಿ, ಮೋಟಾರು ಕಂಪೆನಿಯ ಮುಖ್ಯಸ್ಥರಾಗಿದ್ದು ಮಿಶಿಗನ್ ರಾಜ್ಯದ ಗವರ್ನರ್ ಆದವರು. ವರದಿಯನ್ನು ಮೊದಲು ಅಲ್ಲಗಳೆದ ರೋಮ್ನಿ ಕೆಲವೇ ದಿನಗಳಲ್ಲಿ ತಪ್ಪೊಪ್ಪಿಕೊಂಡು ಹಳೆಯ ಮನೆಗಳಿಗೆ ಸಂಬಂಧಿಸಿದ ಸಹಾಯಧನವನ್ನು ತಾತ್ಕಾಲಿಕವಾಗಿ ತಡೆದರು. ಡೆಟ್ರಾಯಿಟ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಲ್ಲಿ ದಲ್ಲಾಳಿಗಳ ಮೇಲೆ, ಎಫ್‌ಎಚ್‌ಎ ನೌಕರರ ಮೇಲೆ ಮೊಕದ್ದಮೆಗಳು ಹೂಡಲ್ಪಟ್ಟವು. 1972ರಲ್ಲಿ ನ್ಯೂಯಾರ್ಕಿನ ದೋಷಾರೋಪ ಪಟ್ಟಿಯಲ್ಲಿ ಸಾಲಯೋಗ್ಯತೆಯ ವರದಿ ಕೊಡುವ ಜಗತ್ಪ್ರಸಿದ್ಧ ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಕಂಪೆನಿಯ ಹೆಸರೂ ಇತ್ತು.

ಈ ಹೊತ್ತಿಗೆ ಒಂದು ಹೊಸ ಮಾತು ಚಲಾವಣೆಗೆ ಬಂತು: ಕೊಂಡವರು ಪಳಗದವರು, ತಿಳಿವಳಿಕೆ ಸಾಲದವರು. ಸರಕಾರದ ನೆರವಿನಲ್ಲಿ ಬದುಕುವ ಕಪ್ಪು ತಾಯಂದಿರಿಗೆ ಮನೆಯನ್ನು ಇಟ್ಟುಕೊಳ್ಳಲು ಬರುವುದಿಲ್ಲ, ಒಡೆದ ಕಿಟಕಿ ಅವರ ಸೋಮಾರಿತನಕ್ಕೆ ಸಾಕ್ಷಿ. ಅಧಿಕಾರಿಗಳ ವಿವರಣೆ ಹೀಗೆ ಸಾಗಿತು. ಪುಸ್ತಕದಲ್ಲಿ ಟೇಲರ್ ಸಿಟ್ಟು ಅತ್ಯಂತ ತಣ್ಣಗೆ, ಅತ್ಯಂತ ಹರಿತವಾಗಿ ಕೆಲಸ ಮಾಡುವುದು ಇಲ್ಲಿ. ಕೊಳ್ಳುವವರಿಗೆ ಸಲಹೆ ಕೊಡುವ ಏರ್ಪಾಡು ಕಾಯಿದೆಯಲ್ಲೇ ಇತ್ತು, ಆರಂಭದಲ್ಲಿ ಅದಕ್ಕೆ ಹಣ ಮಂಜೂರಾಗಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಆ ವಿವರಣೆಯನ್ನು ಓದಬೇಕು. ಮೌಲ್ಯಮಾಪಕನ ಲಂಚ, ದಲ್ಲಾಳಿಯ ಸುಳ್ಳು, ಕಂಪೆನಿಯ ಅವಸರ ಇವೆಲ್ಲ ಆ ಹೆಂಗಸಿನ ಪೊರಕೆಯ ಹಿಂದೆ ಮರೆಯಾದವು. ಮತ್ತು ಆ ಹೆಂಗಸರು ಸುಮ್ಮನಿರಲಿಲ್ಲ. ಅವರಲ್ಲಿ ಹಲವರು ಕೋರ್ಟಿಗೆ ಹೋದರು, ಸಂಘ ಕಟ್ಟಿದರು, ವಿಚಾರಣೆಗಳಲ್ಲಿ ಎದ್ದು ನಿಂತು ಹೇಳಿದರು. ಪಳಗದವರು ಮಾಡುವ ಕೆಲಸವಲ್ಲ ಅದು.

ರೋಮ್ನಿಯವರ ಬಗ್ಗೆ ಲೇಖಕಿ ಪೂರ್ತಿ ನಿರ್ದಯರಲ್ಲ. ಬಿಳಿಯ ಉಪನಗರಗಳಲ್ಲಿಯೂ ಬಡವರಿಗೆ ಮನೆ ಸಿಗಬೇಕೆಂದು ರೋಮ್ನಿ ಪ್ರಯತ್ನಿಸಿದ್ದರು. 1970ರಲ್ಲಿ ಡೆಟ್ರಾಯಿಟ್ ಪಕ್ಕದ ವಾರೆನ್ ಎಂಬ ಉಪನಗರ ತಿರುಗಿ ಬಿದ್ದಾಗ ಅಧ್ಯಕ್ಷ ನಿಕ್ಸನ್ ಅವರ ಬೆನ್ನಿಗೆ ನಿಲ್ಲಲಿಲ್ಲ. 1971ರ ಜೂನಿನಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಆಯೋಗ ಡೆನ್ವರ್, ಲಿಟಲ್ ರಾಕ್, ಫಿಲಡೆಲ್ಫಿಯಾ, ಸೇಂಟ್ ಲೂಯಿಗಳಲ್ಲಿ 235ನೆಯ ಕಲಮು ನಡೆದ ಬಗೆಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ಉಪನಗರದ ಹೊಸ ಮನೆಗಳು ಬಹುತೇಕ ಬಿಳಿಯರಿಗೆ, ಊರೊಳಗಿನ ಹಳೆಯ ಮನೆಗಳು ಬಹುತೇಕ ಕಪ್ಪು ಜನರಿಗೆ. ಒಂದೇ ಕಾಯಿದೆ, ಒಂದೇ ಸಹಾಯಧನ.

ನಮ್ಮ ಓದುಗರಲ್ಲಿ ಕೆಲವರು ಇಷ್ಟರಲ್ಲಿ ತೀರ್ಮಾನಕ್ಕೆ ಬಂದಿರಬಹುದು: ಎಲ್ಲಕ್ಕೂ ಮೂಲ ಬಡ್ಡಿ, ಬಡ್ಡಿಯನ್ನು ತೊಲಗಿಸಿದರೆ ಎಲ್ಲ ಸರಿಹೋಗುತ್ತದೆ ಎಂದು. ಬಡ್ಡಿಯ ವಿಷಯದಲ್ಲಿ ನಮಗೆ ಗೊಂದಲವಿಲ್ಲ. ಆದರೆ ಈ ಪುಸ್ತಕ ಒಂದು ತೊಡಕನ್ನು ಮುಂದಿಡುತ್ತದೆ. ಬಡವರ ಪಾಲಿನ ಬಡ್ಡಿ ಶೇ. 1ಕ್ಕೆ ಇಳಿದಿದ್ದಾಗಲೇ ಈ ಲೂಟಿ ನಡೆಯಿತು. ಲಾಭ ಬಂದದ್ದು ಮನೆಯ ಉಬ್ಬಿಸಿದ ಬೆಲೆಯಿಂದ, ಶುಲ್ಕದಿಂದ, ವಿಮೆಯಿಂದ. ಬಡ್ಡಿ ಎಂಬ ಹೆಸರನ್ನು ಅಳಿಸಿ ಅದೇ ಗೋಡೆಗೆ ಹಸಿರು ಬಣ್ಣ ಬಳಿದು ಮಾರುವವರು ನಮ್ಮ ನಡುವೆ ಬಾರರೆಂದು ಯಾರೂ ಹೇಳಲಾರರು. ಬಡ್ಡಿರಹಿತ ಹೂಡಿಕೆಯ ಹೆಸರಿನಲ್ಲಿ ಬೆಂಗಳೂರಿನಲ್ಲಿ 2019ರಲ್ಲಿ ಮುಳುಗಿದ ಐ.ಎಂ.ಎ. ಸಂಸ್ಥೆಯಲ್ಲಿ ಹಣ ಇಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದೂರದ ಹಗರಣ ನಮಗೇಕೆ ಎಂಬ ಪ್ರಶ್ನೆಗೆ ಈಗ ಬರಬಹುದು. 2006ರ ಸಾಚಾರ್ ಸಮಿತಿಯ ವರದಿಯನ್ನು ನಮ್ಮವರು ಉದ್ಯೋಗ ಮತ್ತು ಶಿಕ್ಷಣದ ಅಂಕಿಸಂಖ್ಯೆಗಳಿಗಾಗಿ ಓದಿದಷ್ಟು ಬ್ಯಾಂಕ್ ಸಾಲದ ಅಧ್ಯಾಯಕ್ಕಾಗಿ ಓದಲಿಲ್ಲ. ಕೆಲವು ಬ್ಯಾಂಕುಗಳು ಕೆಲವು ಪ್ರದೇಶಗಳನ್ನು 'ನೆಗೆಟಿವ್' ವಲಯಗಳೆಂದು ಗುರುತಿಸಿ ಅಲ್ಲಿ ಸಾಲವನ್ನು ಸುಲಭವಾಗಿ ಕೊಡುವುದಿಲ್ಲ, ಮುಸ್ಲಿಮರು ಹೆಚ್ಚಿರುವ ಕಡೆ ಇದರ ಪೆಟ್ಟು ಬೀಳುತ್ತದೆ ಎಂದು ಅದರಲ್ಲಿದೆ. ನಕ್ಷೆಯ ಮೇಲೆ ಬಣ್ಣ ಬಳಿದಿರಲಿಕ್ಕಿಲ್ಲ, ವಿಷಯ ಅದೇ. ಇದರ ವಿರುದ್ಧ ನಾವು ಕೇಳಿದ್ದು, ಈಗಲೂ ಕೇಳುವುದು ಒಂದೇ: ನಮ್ಮ ಮೊಹಲ್ಲಾಗಳಿಗೂ ಸಾಲ ಕೊಡಿ. ಟೇಲರ್ ಅವರನ್ನು ಓದಿದ ಮೇಲೆ ಆ ಬೇಡಿಕೆಯನ್ನು ಬಿಡಬೇಕೆಂದು ನಮಗನ್ನಿಸುವುದಿಲ್ಲ. ಅದರೊಂದಿಗೆ ಇನ್ನೊಂದನ್ನೂ ಕೇಳಬೇಕು ಅನ್ನಿಸುತ್ತದೆ: ಸಾಲ ಕೊಟ್ಟ ಮನೆ ಎಂಥದ್ದು, ಸಾಲ ಕೆಟ್ಟರೆ ಯಾರಿಗೆ ನಷ್ಟ?

ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಕಡಿಮೆ ಆದಾಯದವರ ಗೃಹಸಾಲಕ್ಕೆ ಬಡ್ಡಿ ಸಹಾಯಧನವಿತ್ತು. 6 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಶೇ. 6.5. ತೀರ ಬಡವರಿಗೆ ಇದ್ದ ಈ ಭಾಗ 2022ರ ಮಾರ್ಚಿಗೆ ಮುಗಿಯಿತು. ಹಣ ಹೋಗುತ್ತಿದ್ದುದು ಸಾಲ ಕೊಟ್ಟ ಸಂಸ್ಥೆಯ ಮೂಲಕ. 2021ರ ಮಾರ್ಚಿನಲ್ಲಿ ಸಿಬಿಐ, ದಿವಾನ್ ಹೌಸಿಂಗ್ ಫೈನಾನ್ಸ್ ಎಂಬ ದೊಡ್ಡ ಗೃಹಸಾಲ ಕಂಪೆನಿಯ ಅಂದಿನ ಪ್ರವರ್ತಕರ ಮೇಲೆ ಮೊಕದ್ದಮೆ ದಾಖಲಿಸಿತು. ಅದರ ಆರೋಪದ ಪ್ರಕಾರ ಕಂಪೆನಿ ಮುಂಬೈನ ಬಾಂದ್ರಾದಲ್ಲಿ ಇಲ್ಲದ ಶಾಖೆಯೊಂದನ್ನು ಕಾಗದದ ಮೇಲೆ ಸೃಷ್ಟಿಸಿ, 2 ಲಕ್ಷ 60 ಸಾವಿರ ನಕಲಿ ಗೃಹಸಾಲ ಖಾತೆಗಳನ್ನು ತೆರೆದು, 14,046 ಕೋಟಿ ರೂಪಾಯಿ ಸಾಲ ಕೊಟ್ಟಂತೆ ತೋರಿಸಿತು. ಅವುಗಳಲ್ಲಿ ಹಲವನ್ನು ಆವಾಸ್ ಯೋಜನೆಯ ಹೆಸರಿನಲ್ಲಿ ತೋರಿಸಿ ಸರಕಾರದಿಂದ ಸುಮಾರು 1,887 ಕೋಟಿ ರೂಪಾಯಿ ಸಹಾಯಧನಕ್ಕೆ ಹಕ್ಕು ಸಾಧಿಸಿತು. ಇದು ಸಿಬಿಐ ಮಾಡಿದ ಆರೋಪ, ಕೋರ್ಟಿನ ತೀರ್ಪಲ್ಲ ಎಂಬುದನ್ನು ನೆನಪಿಡೋಣ. ಆದರೂ ಡೆಟ್ರಾಯಿಟಿನ ದಲ್ಲಾಳಿಗೆ ಕನಿಷ್ಠ ಒಂದು ಶಿಥಿಲ ಮನೆ ಬೇಕಿತ್ತು, ಸುಣ್ಣ ಬೇಕಿತ್ತು, ಸಹಿ ಹಾಕಲು ಒಬ್ಬ ಬಡ ಹೆಂಗಸು ಬೇಕಿತ್ತು. ಇಲ್ಲಿ ಆರೋಪ ನಿಜವೇ ಆದರೆ, ಅವಳೂ ಬೇಕಾಗಲಿಲ್ಲ.

ಪುಸ್ತಕದ ಬಗ್ಗೆ ನಮ್ಮ ತಕರಾರುಗಳನ್ನೂ ಹೇಳಬೇಕು. ಇದೇ ಹಗರಣದ ಮೇಲೆ ಬ್ರಯನ್ ಬಾಯರ್ ಎಂಬ ಪತ್ರಕರ್ತ 1973ರಲ್ಲೇ 'ಸಿಟೀಸ್ ಡಿಸ್ಟ್ರಾಯ್ಡ್ ಫಾರ್ ಕ್ಯಾಶ್' ಎಂಬ ಪುಸ್ತಕ ಬರೆದಿದ್ದ. ಬಾಯರ್ ನೋಡುವುದು ಕಳ್ಳರನ್ನು. ಟೇಲರ್ ನೋಡುವುದು ಕಳ್ಳತನ ಸಲೀಸಾಗುವಂತೆ ಕಟ್ಟಿದ ವ್ಯವಸ್ಥೆಯನ್ನು. ಟೇಲರ್ ದಾರಿ ಹೆಚ್ಚು ಸರಿ ಎಂದು ನಾವು ಒಪ್ಪುತ್ತೇವೆ. ಆದರೆ ವ್ಯವಸ್ಥೆಯೇ ಎಲ್ಲವನ್ನೂ ಮಾಡಿಸಿತು ಎಂದು ಓದುತ್ತ ಓದುತ್ತ, ಲಂಚ ತಿನ್ನದ ಮೌಲ್ಯಮಾಪಕನೂ ಒಬ್ಬನಿದ್ದಿರಬೇಕಲ್ಲ, ಅವನೇನಾದ ಎಂದು ಕೇಳುವ ಮನಸ್ಸಾಗುತ್ತದೆ. ಇಲಾಖೆಯ ಟಿಪ್ಪಣಿಗಳು, ಸಮಿತಿಗಳ ವಿಚಾರಣೆ, ಪತ್ರವ್ಯವಹಾರಗಳ ದಟ್ಟಣೆಯಲ್ಲಿ ಕೆಲವು ಅಧ್ಯಾಯಗಳು ಉಸಿರು ಕಟ್ಟಿಸುತ್ತವೆ. ಮನೆ ಕೊಂಡವರು ಹೆಚ್ಚಾಗಿ ದೂರುದಾರರಾಗಿಯೇ ಕಾಣಿಸಿಕೊಳ್ಳುತ್ತಾರೆ. ಅವರು ಮನೆಯ ಕೀಲಿಕೈ ಕೈಗೆ ಬಂದ ದಿನ ಏನು ಅಡುಗೆ ಮಾಡಿದರು, ಗೋಡೆಗೆ ಯಾವ ಚಿತ್ರ ತೂಗುಹಾಕಿದರು ಎಂಬಂಥದ್ದು ಸಿಗುವುದು ಅಪರೂಪ. ಇತಿಹಾಸಕಾರರಿಗೆ ದಾಖಲೆ ಇಲ್ಲದ ಕಡೆ ಹೋಗಲಾಗದು, ಒಪ್ಪಿದೆವು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. 1973ರ ಜನವರಿಯಲ್ಲಿ ನಿಕ್ಸನ್ ಸರಕಾರ ವಸತಿ ಸಹಾಯಧನಗಳನ್ನೆಲ್ಲ ಸ್ಥಗಿತಗೊಳಿಸಿತು. ಮಾರ್ಚಿನಲ್ಲಿ ನಿಕ್ಸನ್ ರೇಡಿಯೋದಲ್ಲಿ ನಗರಗಳ ಬಿಕ್ಕಟ್ಟಿನ ಗಳಿಗೆ ಕಳೆಯಿತೆಂದು ಘೋಷಿಸಿದರು. ಮೋಸ ನಡೆಯಿತು, ಆದ್ದರಿಂದ ಬಡವರಿಗೆ ಮನೆಯೇ ಬೇಡ ಎಂಬ ತರ್ಕ. ಮೋಸ ಮಾಡಿದ ವ್ಯಾಪಾರ ಮುಂದುವರಿಯಿತು, ಮೋಸಹೋದವರ ಯೋಜನೆ ನಿಂತಿತು. ಟೇಲರ್ ಇದನ್ನು ಸರಿಯಾಗಿಯೇ ಹಿಡಿದಿದ್ದಾರೆ. ಆದರೆ 235ನೆಯ ಕಲಮಿನಡಿ ಮನೆ ಪಡೆದ ಕುಟುಂಬಗಳಲ್ಲಿ ಬಹುಪಾಲು ಮನೆ ಕಳೆದುಕೊಳ್ಳಲಿಲ್ಲ. ಸೋರುವ ಮಾಡನ್ನು ತಾವೇ ಕಟ್ಟಿ, ಎರಡು ಪಾಳಿ ದುಡಿದು, ಕಂತು ತೀರಿಸಿದವರು ಅವರು. ಈ ಪುಸ್ತಕದ ವಾದಕ್ಕೆ ಅವರು ಅಷ್ಟು ಒಗ್ಗುವುದಿಲ್ಲವಾದ್ದರಿಂದಲೋ ಏನೋ ಅವರ ಬಳಿ ಲೇಖಕಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಮಗಂತೂ ಅವರನ್ನು ಕೇಳಬೇಕಿತ್ತು: ಪಕ್ಕದ ಎರಡು ಮನೆಗಳಿಗೆ ಹಲಗೆ ಹೊಡೆದ ಬೀದಿಯಲ್ಲಿ ಮೂವತ್ತು ವರ್ಷ ಕಂತು ಕಟ್ಟಿ ಕೊನೆಗೆ ಕೈಗೆ ಬಂದ ಪತ್ರ ಎಷ್ಟು ಬೆಲೆಬಾಳುತ್ತಿತ್ತು, ಮಕ್ಕಳು ಅದೇ ಮನೆಯಲ್ಲಿ ಉಳಿದರೇ ಎಂದು. ಅವರಲ್ಲಿ ಕೆಲವರಾದರೂ ಇನ್ನೂ ಬದುಕಿದ್ದಾರು. ಅವರ ಪುಸ್ತಕ ಬರುವವರೆಗೆ ಇದನ್ನು ಓದುತ್ತಿರಬಹುದು.